ಟವೆಲ್ಲಿನ ಕೆಳಗೆ ಎಲ್ಕಿನ ತೂಕ

ಅಬ್ಬಾ ಹುಬ್ಬಳ್ಳಿಯಿಂದ ಸ್ಯಾನ್ ರಮೋನಿನ ನನ್ನ ಮನೆಗೆ ಬಂದ ಎರಡನೇ ವಾರ ಪಕ್ಕದ ಮನೆಯವರ ನಾಯಿಯ ಬೆನ್ನನ್ನು ಅಂಗೈಯಿಂದ ಒತ್ತಿ ನೋಡಿ, "ಇಪ್ಪತ್ತೆಂಟು ಕೇಜಿ. ಎಲುಬು ತಗದ್ರ ಹದಿನಾರು" ಅಂದರು. ನಾನು ಮೊದಲ ಅರ್ಧವನ್ನು ಮಾತ್ರ ಇಂಗ್ಲಿಷಿಗೆ ಅನುವಾದ ಮಾಡಿದೆ. ಆ ಹೆಂಗಸು ಮರುದಿನ ನಾಯಿಯನ್ನು ಡಾಕ್ಟರ ಹತ್ತಿರ ತೂಗಿಸಿ ಬಂದಳು. ತೂಕ ಸರಿಯಾಗಿತ್ತು. ಅಲ್ಲಿಂದ ಮುಂದೆ ಸಂಜೆ ಹೊತ್ತು ಪಾರ್ಕಿಗೆ ಬರುವ ನಾಯಿಯವರೆಲ್ಲ ಅಬ್ಬಾನನ್ನು ಊರಿಂದ ಬಂದ ದೊಡ್ಡ ಪಶುವೈದ್ಯ ಎಂದು ತಿಳಿದು ಸಾಲಾಗಿ ನಿಲ್ಲತೊಡಗಿದರು. ಅಬ್ಬಾ ಒಂದೊಂದನ್ನೂ ಪ್ರೀತಿಯಿಂದ ಒತ್ತಿ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಎರಡನೇ ಅರ್ಧವನ್ನು ನುಂಗುತ್ತಿದ್ದೆ.

ಅವರು ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಮಟನ್ ಅಂಗಡಿ ನಡೆಸಿದವರು. ಕುರಿಯ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿದರೆ ಸಾಕು, ಎಷ್ಟು ಮಾಂಸ ಬರುತ್ತದೆ ಎಂದು ಹೇಳಿಬಿಡುತ್ತಿದ್ದರು. ಆ ಅಂದಾಜು ಅವರ ಆಸ್ತಿ, ಅವರ ಜಂಬ, ಅವರ ಸರ್ವಸ್ವ. ಯಾವತ್ತಾದರೂ ಅರ್ಧ ಕೇಜಿ ಹೆಚ್ಚುಕಡಿಮೆಯಾದರೆ ತಕ್ಕಡಿಯನ್ನೇ ಬೈಯುತ್ತಿದ್ದರು. ಮನೆಯಲ್ಲಿ ನಮ್ಮದು ದಖನಿ ಮಾತು. ಆದರೆ ಮಾತು ಆಡು ಕುರಿಯ ಕಡೆಗೆ ತಿರುಗಿದ ಕೂಡಲೇ ಅಬ್ಬಾ ತಮಗೇ ಗೊತ್ತಿಲ್ಲದಂತೆ ಕನ್ನಡಕ್ಕೆ ಬಂದುಬಿಡುತ್ತಾರೆ, ಸಂತೆಯ ಭಾಷೆ ಅದೇ ಆದ್ದರಿಂದ. ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣ ಅದೇ ಇರಬೇಕು. ಪ್ರಾಣಿಯ ವಿಷಯವನ್ನು ಬೇರೆ ಭಾಷೆಯಲ್ಲಿ ಹೇಳಿದರೆ ನನಗೆ ತೂಕ ಸಿಗುವುದಿಲ್ಲ.

ಸಂತೆಗೆ ಅಬ್ಬಾ ನನ್ನನ್ನು ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ, ಮೂಗು ಸುರಿಸಿಕೊಳ್ಳುವ ವಯಸ್ಸಿನಲ್ಲೇ ಅವರ ಬೈಕಿನ ಟ್ಯಾಂಕಿನ ಮೇಲೆ ಕುಳಿತು ಹೋಗುತ್ತಿದ್ದ. ನಾನು ಪ್ರತಿ ಬಕ್ರೀದಿಗೂ ಕೇಳುತ್ತಿದ್ದೆ. "ಸಂತಿ ಹೆಣ್ಮಕ್ಕಳ ಜಾಗ ಅಲ್ಲವಾ" ಎನ್ನುತ್ತಿದ್ದರು. ಮನೆಗೆ ತಂದು ಕಟ್ಟಿದ ಟಗರನ್ನು ನೋಡಿ ನಾನೂ ಮನಸ್ಸಿನಲ್ಲೇ ತೂಕ ಹಾಕುತ್ತಿದ್ದೆ. ಹಲವು ಸಲ ಸರಿಯಾಗಿಯೂ ಇರುತ್ತಿತ್ತು. ಆದರೆ ಹೇಳಿಕೊಳ್ಳುವುದು ಯಾರಿಗೆ? ನನಗೆ ಸಂತೆ ನೋಡುವ ಆಸೆಗಿಂತ ಹೆಚ್ಚಾಗಿ ಇದ್ದದ್ದು ಒಂದೇ ಆಸೆ: ಅಬ್ಬಾ ಒಂದು ಸಲ, ಒಂದೇ ಒಂದು ಸಲ, ನನ್ನ ಅಂದಾಜು ಕೇಳಬೇಕು. ಎಂಜಿನಿಯರಿಂಗ್ ಮುಗಿಸಿದರೂ, ಇಲ್ಲಿ ಬಂದು ಹತ್ತು ಜನರ ತಂಡ ನಡೆಸಿದರೂ ಅದು ಹೋಗಲಿಲ್ಲ. ಹಟಮಾರಿ ಎಂದು ಬೇಕಾದರೆ ಅನ್ನಿ.

ಬೇಟೆಯ ಹುಚ್ಚು ನನಗೆ ಅಂಟಿದ್ದು ಆಫೀಸಿನಲ್ಲಿ. ನಮ್ಮಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಸಹೋದ್ಯೋಗಿ ಇದ್ದಾನೆ, ವಾಲ್ನಟ್ ಕ್ರೀಕಿನವನು. ಅವನ ಮನೆಯ ಗೋಡೆಯ ತುಂಬ ಕೊಂಬುಗಳು; ಅವನ ಹೆಂಡತಿ ಅವುಗಳಿಗೆ ಟೋಪಿ ಮತ್ತು ಒದ್ದೆ ಕೊಡೆ ನೇತುಹಾಕುತ್ತಾಳೆ. ಹಲಾಲ್ ಅಂಗಡಿಯ ಫ್ರೋಜನ್ ಮಾಂಸಕ್ಕೆ ರುಚಿಯೇ ಇಲ್ಲ ಎಂದು ನಾನು ಒಂದು ದಿನ ಊಟದ ಹೊತ್ತಿಗೆ ಗೊಣಗಿದ್ದೇ ನೆಪವಾಗಿ, ಅವನು ನನಗೆ ಬಂದೂಕು ಹಿಡಿಯಲು ಕಲಿಸಿದ. ಬಿಸ್ಮಿಲ್ಲಾ ಹೇಳಿ ಗುಂಡು ಹಾರಿಸಿದರೆ ಬೇಟೆಯ ಮಾಂಸ ತಿನ್ನಬಹುದು ಎಂದು ಮಸೀದಿಯ ಹಿರಿಯರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಒಂದೆರಡು ಕಾಡುಕೋಳಿ, ಒಂದು ಜಿಂಕೆ ಆಯಿತು. ಇನ್ನು ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣನಂಥ ಪ್ರಾಣಿ. ಅದನ್ನು ಹೊಡೆಯಲು ಪರವಾನಗಿ ಬೇಕು, ಪರವಾನಗಿಗೆ ಲಾಟರಿ ಎತ್ತುತ್ತಾರೆ. ಸಹೋದ್ಯೋಗಿ ಎಷ್ಟೋ ವರ್ಷದಿಂದ ಅರ್ಜಿ ಹಾಕುತ್ತಿದ್ದ, ಸಿಕ್ಕಿರಲಿಲ್ಲ. ನನಗೆ ನಾಲ್ಕನೇ ಸಲಕ್ಕೇ ಸಿಕ್ಕಿತು: ಒಂದು ಗಂಡು ಎಲ್ಕ್, ಗಾತ್ರ ನಿಮ್ಮಿಷ್ಟ. ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನದಿಂದ ಪರವಾನಗಿ ತನ್ನದೇ ಎಂಬಂತೆ ಓಡಾಡತೊಡಗಿದ.

ಎಡವಟ್ಟಾಗಿದ್ದು ಆ "ಗಾತ್ರ ನಿಮ್ಮಿಷ್ಟ" ಎಂಬಲ್ಲಿ. ನನ್ನಿಷ್ಟ ಏನೆಂದು ಯಾರೂ ಕೇಳಲಿಲ್ಲ.

ಸಹೋದ್ಯೋಗಿಯ ಪ್ರಕಾರ ಕೊಂಬು ನೋಡಬೇಕು. ಒಂದೊಂದು ಕಡೆ ಎಷ್ಟು ಕವಲು, ಎಷ್ಟು ಉದ್ದ, ಎಷ್ಟು ದಪ್ಪ. ಜೀವಮಾನದಲ್ಲಿ ಒಂದೇ ಸಲ ಸಿಗುವ ಅವಕಾಶ, ಗುಂಪಿನ ಯಜಮಾನನನ್ನು ಬಿಟ್ಟು ಇನ್ನಾವುದನ್ನೋ ಹೊಡೆದರೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ ಎಂದ. ಆಫೀಸಿನ ವೈಟ್‌ಬೋರ್ಡಿನ ಮೇಲೆ ಎಲ್ಕಿನ ತಲೆಯ ಚಿತ್ರ ಬರೆದು ವಿವರಿಸಿದ. ಅದು ಅಳಿಸದೆ ಉಳಿದು, ಮಧ್ಯಾಹ್ನದ ಮೀಟಿಂಗಿನಲ್ಲಿ ಮ್ಯಾನೇಜರು ಅದನ್ನೇ ಹೊಸ ಪ್ರಾಜೆಕ್ಟಿನ ನಕ್ಷೆ ಎಂದು ತಿಳಿದು ಐದು ನಿಮಿಷ ಗಂಭೀರವಾಗಿ ನೋಡಿದರು.

ನನ್ನ ಗಂಡ ಬೆಂಗಳೂರಿನವನು, ಯಾವುದಕ್ಕೂ ಮೊದಲು ಅಳತೆ ತೆಗೆಯುವ ಜಾತಿ. ಗರಾಜಿಗೆ ಟೇಪು ಹಿಡಿದುಕೊಂಡು ಹೋಗಿ ಫ್ರೀಜರಿನ ಒಳಗೆ ತಲೆ ಹಾಕಿದ. ಅದರಲ್ಲಿ ಪರೋಟ, ಬಟಾಣಿ, ತೆಂಗಿನತುರಿ, ಯಾವ ಕಾಲದ್ದೋ ಗೊತ್ತಿಲ್ಲದ ಒಂದು ಡಬ್ಬಿ.

"ನೋಡು, ಸ್ಪೇಸು ಇರೋದೇ ಇಷ್ಟು," ಎಂದು ಕೈಯಲ್ಲಿ ತೋರಿಸಿದ. "ಇದಕ್ಕೆ ಫಿಟ್ ಆಗೋ ಸೈಜಿನದು ಯಾವ್ದಾದ್ರೂ ಇದ್ರೆ ತಗೊಂಬಾ. ಇಲ್ದಿದ್ರೆ ಸುಮ್ನೆ ಫೋಟೋ ತೆಕ್ಕೊಂಡು ಬಾ."

ಅವನು ತೋರಿಸಿದ ಜಾಗದಲ್ಲಿ ಒಂದು ದಪ್ಪ ಮೊಲ ಹಿಡಿಸುತ್ತಿತ್ತು.

ಅಬ್ಬಾನಿಗೆ ವಿಷಯ ತಿಳಿದದ್ದೇ ತಡ, ಬಂದ ದಿನದಿಂದ ಪಾರ್ಕಿನ ಹೊತ್ತು ಬಿಟ್ಟರೆ ಸೋಫಾದಲ್ಲಿ ಕಳೆಗುಂದಿ ಕುಳಿತಿದ್ದವರು ಎದ್ದು ನಿಂತರು. ನಾನು ಬಂದೂಕು ಹಿಡಿಯುತ್ತೇನೆ ಎಂಬುದು ಅವರಿಗೆ ದೊಡ್ಡದಾಗಿ ಕಾಣಲೇ ಇಲ್ಲ. ಪ್ರಾಣಿ ಆರಿಸುವುದಿದೆ ಎಂಬುದೊಂದೇ ಕಂಡಿತು.

"ನಾ ಬರ್ತೇನಿ," ಅಂದರು. "ಹಲ್ಲ ನೋಡಬೇಕು ಮೊದ್ಲ. ಎರಡು ಹಲ್ಲಿಂದೋ, ನಾಕು ಹಲ್ಲಿಂದೋ. ಹಲ್ಲ ನೋಡದ ತಗೊಂಡ್ರ ಮುದಿ ಮಾಲು ಗಂಟ ಬೀಳ್ತೈತಿ."

"ಅಬ್ಬಾ, ಅದು ಕಾಡಿನ ಪ್ರಾಣಿ. ಹತ್ತಿರ ನಿಂತ್ಕೊಂಡು ಬಾಯಿ ತೆರಿ ಅನ್ನಾಕ ಆಗಂಗಿಲ್ಲ."

"ಹಂಗಾರ ಬೆನ್ನ ಮುಟ್ಟಿ ನೋಡ್ತೇನಿ."

"ಮುಟ್ಟಾಕೂ ಆಗಂಗಿಲ್ಲ."

ಅಬ್ಬಾ ನನ್ನನ್ನು ಕನಿಕರದಿಂದ ನೋಡಿದರು. ಹಲ್ಲೂ ನೋಡದೆ, ಬೆನ್ನೂ ಮುಟ್ಟದೆ ಮಾಲು ಆರಿಸುವ ದೇಶಕ್ಕೆ ಮಗಳು ಬಂದು ಸೇರಿದ್ದಾಳಲ್ಲ ಎಂಬ ಸಂಕಟ ಅದು. ಕೊಂಬಿನ ವಿಷಯ ಹೇಳಿದಾಗಲಂತೂ ಅವರಿಗೆ ತಡೆಯಲಾಗಲಿಲ್ಲ. "ಕೋಡು ಸಾರಿಗೆ ಹಾಕ್ತಾನೇನ ಇಂವಾ? ಮರಿ ತಗೋಬೇಕವಾ. ಎಳೀದು. ಬಾಯಾಗ ಇಟ್ರ ಕರಗಬೇಕು."

ಇದನ್ನು ಸಹೋದ್ಯೋಗಿಗೆ ಹೇಳಿದೆ. ಅವನು ಎದೆ ಹಿಡಿದುಕೊಂಡ.

ಸೆಪ್ಟೆಂಬರಿನ ಒಂದು ಬೆಳಗ್ಗೆ ನಾವು ಮೂವರೂ ಸುಯಿಸುನ್ ಜೌಗಿನ ಏರಿಯ ಹಿಂದೆ, ಆಳೆತ್ತರದ ಜೊಂಡಿನಲ್ಲಿ ಕುಳಿತಿದ್ದೆವು. ನಾನು, ಸಹೋದ್ಯೋಗಿ, ನಡುವೆ ಅಬ್ಬಾ. ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಳ್ಳಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಎಲ್ಲ ಸರಿಯಾಗಿಯೇ ಹಾಕಿಕೊಂಡಿದ್ದರು, ಹೆಗಲ ಮೇಲಿನ ಟವೆಲ್ ಒಂದನ್ನು ಬಿಟ್ಟು. ಟವೆಲ್ ಇಲ್ಲದೆ ಅವರು ಮಾಲು ನೋಡಲು ಹೋಗುವವರೇ ಅಲ್ಲ. ಊರಿನದನ್ನು ನಾನು ಮುಂಚಿನ ದಿನ ಒಗೆಯಲು ಹಾಕಿದ್ದರಿಂದ, ನನ್ನ ಗಂಡ ಈಜಲು ಒಯ್ಯುವ ಟವೆಲನ್ನು ತಂದಿದ್ದರು. ಅದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ಗುಲಾಬಿ ಬಣ್ಣದ ಕೊಕ್ಕರೆ. ಸಹೋದ್ಯೋಗಿ ಅದನ್ನು ನೋಡಿ ಕಣ್ಣು ಮುಚ್ಚಿ ತೆರೆದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟ. ಇನ್ನು ಒಂದು ಮಾತೂ ಇಲ್ಲ.

ಸ್ವಲ್ಪ ಹೊತ್ತಿಗೆ ಎಣ್ಣೆ ಕಾಣದ ಕಬ್ಬಿಣದ ಗೇಟು ಎಳೆದಂಥ ಸದ್ದು ಕೇಳಿತು. ಅದು ಎಲ್ಕಿನ ಕೂಗು. ಇಷ್ಟು ದೊಡ್ಡ ಪ್ರಾಣಿಗೆ ಇಷ್ಟು ಕೀರಲು ದನಿ ಯಾಕೆ ಕೊಟ್ಟನೋ ದೇವರು! ಅಬ್ಬಾನ ಹೊಟ್ಟೆ ನಗುವಿನಿಂದ ಕುಲುಕುವುದು ಪಕ್ಕದಲ್ಲಿ ಕುಳಿತ ನನಗೆ ಗೊತ್ತಾಗುತ್ತಿತ್ತು. ಹೆಣ್ಣುಗಳ ಒಂದು ಗುಂಪು ಬಯಲಿಗೆ ಬಂತು, ಅದರ ಹಿಂದೆ ಯಜಮಾನ. ನಮ್ಮ ಡೈನಿಂಗ್ ಟೇಬಲಿನ ಮೇಲೆ ಇಟ್ಟರೆ ನಾಲ್ಕೂ ಕಡೆಗೆ ಚಾಚಿಕೊಳ್ಳುವಷ್ಟು ಕೊಂಬು. ಕುತ್ತಿಗೆಯ ತುಂಬ ಕೆಸರು, ಬೆದೆಯ ಕಾಲವಾದ್ದರಿಂದ ಮೈಯೆಲ್ಲ ತನ್ನದೇ ಉಚ್ಚೆ. ಗಾಳಿ ನಮ್ಮ ಕಡೆಗೇ ಇತ್ತು. ಅಬ್ಬಾ ಮೂಗು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು. ಮದವೇರಿದ ಹೋತದ ನಾತ ಅವರಿಗೆ ಗೊತ್ತಿಲ್ಲದ್ದೇನಲ್ಲ. ಸಹೋದ್ಯೋಗಿಯ ಕಣ್ಣಿನಲ್ಲಿ ನಿಜವಾಗಿಯೂ ನೀರು ಬಂದಿತ್ತು. ಅದು ಭಕ್ತಿಯಿಂದ ಬಂದದ್ದು.

ಬಲಗಡೆಗೆ, ಗುಂಪಿನಿಂದ ದೂರದಲ್ಲಿ, ಇನ್ನೂ ಎರಡು ಗಂಡುಗಳಿದ್ದವು. ಒಂದು ಎಳೆಯದು, ಕೊಂಬು ಆಗತಾನೇ ಕವಲೊಡೆದದ್ದು. ಇನ್ನೊಂದು ಮಧ್ಯ ವಯಸ್ಸಿನದು. ಅದನ್ನು ಯಜಮಾನ ಜಗಳಕ್ಕೂ ಸೇರಿಸಿಕೊಳ್ಳದೆ ಅಟ್ಟಿಬಿಟ್ಟಿದ್ದ ಎಂದು ಕಾಣುತ್ತದೆ. ಪಕ್ಕಕ್ಕೆ ಸರಿದು ತನ್ನ ಪಾಡಿಗೆ ಮೇಯುತ್ತಿತ್ತು. ಯಜಮಾನ ಬೆದೆಯ ಗಲಾಟೆಯಲ್ಲಿ ಊಟ ಬಿಟ್ಟು ಪಕ್ಕೆಲುಬು ಕಾಣಿಸುವಂತಾಗಿದ್ದ. ಇದಕ್ಕೆ ಬೇರೆ ಕೆಲಸವೇ ಇಲ್ಲವಲ್ಲ, ತಿಂದು ತಿಂದು ಬೆನ್ನು ಹಲಗೆಯಂತೆ ಸಪಾಟಾಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ಒಂದು ಅಂಕಿ ಹೊಳೆಯಿತು. ಚಿಕ್ಕಂದಿನಲ್ಲಿ ಹಿತ್ತಲಿನ ಟಗರನ್ನು ನೋಡಿ ಹೊಳೆಯುತ್ತಿದ್ದ ಹಾಗೆಯೇ.

ಆಗ ಅಬ್ಬಾ ಹೆಗಲಿನಿಂದ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿದರು. ಅದರ ಕೆಳಗೆ ನನ್ನ ಬೆರಳು ಹಿಡಿದರು.

ಇದು ಸಂತೆಯ ಪದ್ಧತಿ. ಕೊಳ್ಳುವವನೂ ಮಾರುವವನೂ ಬಾಯಿ ಬಿಡುವುದಿಲ್ಲ. ಟವೆಲ್ ಮರೆಯಲ್ಲಿ ಒಬ್ಬರು ಇನ್ನೊಬ್ಬರ ಬೆರಳು ಹಿಡಿದು ಅಂಕಿ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯದಂತೆ. ಮಾತಾಡುವ ಹಾಗಿಲ್ಲ ಎಂದಾಗ ಅಬ್ಬಾನ ಕೈ ತನ್ನಿಂತಾನೇ ಆ ಹಳೆಯ ಅಭ್ಯಾಸಕ್ಕೆ ಹೋಗಿತ್ತು. ನನಗೆ ಅದು ಅರ್ಥವಾಗುವುದಿಲ್ಲ ಎಂಬುದು ಅವರಿಗೆ ಆ ಗಡಿಬಿಡಿಯಲ್ಲಿ ಹೊಳೆದಿರಲಿಕ್ಕಿಲ್ಲ. ಗದ್ದ ಎತ್ತಿ ಎಳೆಯದನ್ನು ತೋರಿಸಿದರು, ತೃಪ್ತಿಯಿಂದ ಕಣ್ಣು ಮುಚ್ಚಿದರು. ಆಮೇಲೆ ಮಧ್ಯ ವಯಸ್ಸಿನದನ್ನು ತೋರಿಸಿ ಮುಖ ಸೊಟ್ಟಗೆ ಮಾಡಿ, ನನ್ನ ಐದು ಬೆರಳು ಒಟ್ಟಿಗೆ ಒಮ್ಮೆ, ಎರಡು ಬೆರಳು ಇನ್ನೊಮ್ಮೆ ಒತ್ತಿದರು. ಒಟ್ಟು ಏಳು. ಅಂದರೆ ಎಪ್ಪತ್ತು ಕೇಜಿ ಮಾಂಸ, ಉಳಿದದ್ದೆಲ್ಲ ಎಲುಬು, ಹೊತ್ತ ಶ್ರಮಕ್ಕೆ ಸಾಲದು.

ನಾನು ಕೈ ಬಿಡಿಸಿಕೊಂಡು ಅವರ ಕೈ ಹಿಡಿದೆ. ಐದು ಬೆರಳು. ಮತ್ತೆ ನಾಲ್ಕು. ತೊಂಬತ್ತು.

ಅಬ್ಬಾನ ಕೈ ಮರಗಟ್ಟಿ ನಿಂತಿತು. ಅವರು ಎಲ್ಕನ್ನು ಬಿಟ್ಟು ನನ್ನನ್ನು ನೋಡಿದರು. ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನನ್ನ ತಮ್ಮ ಐದನೇ ಕ್ಲಾಸಿನಲ್ಲಿ ಇದ್ದಾಗ ಅವನ ಇಡೀ ವರ್ಷದ ಗಣಿತದ ಹೋಂವರ್ಕನ್ನು ನಾನು ಮಾಡಿಕೊಟ್ಟಿದ್ದೆ. ಅವನು ಅದಕ್ಕೆ ಬದಲಾಗಿ ನನಗೆ ಬೆರಳಿನ ಭಾಷೆ ಕಲಿಸಿದ್ದ, ಅಟ್ಟದ ಮೇಲೆ, ಅಮ್ಮನ ದುಪಟ್ಟಾದ ಕೆಳಗೆ.

ಅಬ್ಬಾ ಸಾವರಿಸಿಕೊಂಡು ಮತ್ತೆ ಒತ್ತಿದರು. ಏಳು. ನಾನು ಒಂಬತ್ತು. ಅವರು ಏಳೂವರೆಗೆ ಬಂದರು, ಅರ್ಧ ಬೆರಳು ಚಿವುಟಿ. ನಾನು ಕದಲಲಿಲ್ಲ. ಕೊಕ್ಕರೆಯ ಚಿತ್ರ ನಮ್ಮಿಬ್ಬರ ಕೈಗಳ ಮೇಲೆ ಏರುವುದೂ ಇಳಿಯುವುದೂ ಮಾಡುತ್ತಿತ್ತು. ಸಹೋದ್ಯೋಗಿ ಒಮ್ಮೆ ಇತ್ತ ತಿರುಗಿ ನೋಡಿ ಗೌರವದಿಂದ ಮುಖ ಆಚೆ ತಿರುಗಿಸಿಕೊಂಡ. ಜೀವ ತೆಗೆಯುವ ಮೊದಲು ಅವರಲ್ಲಿ ತಂದೆ ಮಗಳು ಕೈ ಕೈ ಹಿಡಿದು ಮೌನವಾಗಿ ಪ್ರಾರ್ಥಿಸುತ್ತಾರೆ ಎಂದು ಅವನು ಇವತ್ತಿಗೂ ಆಫೀಸಿನಲ್ಲಿ ಹೇಳಿಕೊಂಡು ಓಡಾಡುತ್ತಾನೆ. ನಾನು ತಿದ್ದಲು ಹೋಗಿಲ್ಲ.

ಕೊನೆಗೆ ಅಬ್ಬಾ ಕೈ ಕಿತ್ತುಕೊಂಡು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ವ್ಯಾಪಾರ ಮುರಿದಿತ್ತು. ಎಡಗಡೆ ಸಹೋದ್ಯೋಗಿ ಯಜಮಾನನ ಕಡೆ ಕಣ್ಸನ್ನೆ ಮಾಡುತ್ತಿದ್ದ, ನಡುವೆ ಅಬ್ಬಾ ಎಳೆಯದರ ಕಡೆ ಗದ್ದ ತೋರಿಸುತ್ತಿದ್ದರು, ಮನೆಯಲ್ಲಿ ಗಂಡ ಮೊಲಕ್ಕೆ ಜಾಗ ಮಾಡಿಟ್ಟುಕೊಂಡು ಕಾಯುತ್ತಿದ್ದ. ಪರವಾನಗಿ ಇದ್ದದ್ದು ಮಾತ್ರ ನನ್ನ ಜೇಬಿನಲ್ಲಿ. ನಾನು ಬಿಸ್ಮಿಲ್ಲಾ ಎಂದು ಮಧ್ಯ ವಯಸ್ಸಿನದಕ್ಕೆ ಗುರಿಯಿಟ್ಟು ಹೊಡೆದೆ. ಅದು ನಾಲ್ಕು ಹೆಜ್ಜೆ ಹಾಕಿ ಬಿದ್ದಿತು. ಸಹೋದ್ಯೋಗಿ ಹಣೆಗೆ ಕೈ ಹಚ್ಚಿಕೊಂಡು ಕೆಸರಿನಲ್ಲಿ ಕುಳಿತುಬಿಟ್ಟ.

ಚರ್ಮ ಸುಲಿಯುವ ಕೆಲಸ ಅಬ್ಬಾ ಯಾರಿಗೂ ಬಿಡಲಿಲ್ಲ. ಸಹೋದ್ಯೋಗಿ ತನ್ನ ಚಾಕು ಕೊಟ್ಟು, ಐದು ನಿಮಿಷದಲ್ಲಿ ತನ್ನ ದುಃಖ ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ. ದಾರಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರು ಬೇಟೆಗಾರರೂ ನಿಂತರು. ಚರ್ಮಕ್ಕೆ ಒಂದು ಗೀರು ಬೀಳಲಿಲ್ಲ. ಆದರೆ ಅಬ್ಬಾ ನನ್ನ ಜೊತೆ ಮಾತಾಡಲಿಲ್ಲ. ಕಾಲು ಹಿಡಿ ಎನ್ನಬೇಕಾದಲ್ಲಿ ಕಾಲನ್ನು ತೋರಿಸಿದರು, ಅಷ್ಟೇ. ನನಗೆ ಹೆದರಿಕೆಯಾಯಿತು. ಕಳ್ಳತನದಲ್ಲಿ ಕಲಿತದ್ದಕ್ಕೆ ಸಿಟ್ಟೋ, ಎದುರು ಅಂಕಿ ಹೇಳಿದ್ದಕ್ಕೆ ಸಿಟ್ಟೋ? ಪರರ ದೇಶಕ್ಕೆ ಬಂದು ಸೋಫಾದಲ್ಲಿ ಕುಳಿತ ಮನುಷ್ಯ, ಇರುವ ಒಂದು ವಿದ್ಯೆಯಲ್ಲೂ ಮಗಳು ಎದುರಾಡಬೇಕಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ಜೊತೆಗೆ, ಯಾ ಅಲ್ಲಾ, ತೊಂಬತ್ತೇ ಬರಲಿ ಎಂದೂ ಬೇಡಿಕೊಂಡೆ. ಎರಡೂ ನಿಜ.

ಮಾಂಸವನ್ನು ಬೇಟೆಯವರಿಗೆಂದೇ ಕೊಯ್ದು ಕಟ್ಟಿಕೊಡುವ ಅಂಗಡಿಯೊಂದಕ್ಕೆ ಕೊಟ್ಟಿದ್ದೆವು. ಮುಂದಿನ ಶನಿವಾರ ತರಲು ಹೋದಾಗ ಗಂಡನೂ ಐಸ್ ಡಬ್ಬಿಗಳ ಜೊತೆ ಬಂದ. ಅಂಗಡಿಯವನು ಎಲುಬು ತೆಗೆದ ಮಾಂಸವನ್ನೆಲ್ಲ ತಕ್ಕಡಿಗೆ ಏರಿಸಿದ. ನೂರ ತೊಂಬತ್ತಾರು.

ಅಬ್ಬಾ ತಟ್ಟನೆ ಐಸ್ ಡಬ್ಬಿಯ ಮೇಲೆ ಕುಳಿತರು. "ನೂರಾ ತೊಂಬತ್ತಾರು?"

"ಅದು ಪೌಂಡು, ಅಬ್ಬಾ, ಕೇಜಿ ಅಲ್ಲ," ಎಂದ ನನ್ನ ಗಂಡ, ಫೋನಿನಲ್ಲಿ ಭಾಗಿಸುತ್ತ. "ಕೇಜೀಲಿ... ಎಂಬತ್ತೊಂಬತ್ತು."

ಅಬ್ಬಾ ಎದ್ದರು. ತಕ್ಕಡಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಅದರ ಕಾಲುಗಳ ಕೆಳಗೆ ನೋಡಿದರು. ಮಾಂಸ ಇಳಿಸಲು ಹೇಳಿ ಚಪ್ಪಲಿ ಬಿಟ್ಟು ತಾವೇ ಅದರ ಮೇಲೆ ಹತ್ತಿ ನಿಂತರು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಗಂಡನ ಮುಖ ನೋಡಿದೆ, ಗಂಡ ಪಾಪ ಫೋನಿನಲ್ಲಿ ಮತ್ತೆ ಭಾಗಿಸಿದ. ಅರವತ್ತೆರಡು ಕೇಜಿ. ಅಬ್ಬಾನ ತೂಕ ಅರವತ್ತೆರಡೇ. ಅವರು ಇಳಿದು ಚಪ್ಪಲಿ ಮೆಟ್ಟಿಕೊಂಡು ಕಾರಿನಲ್ಲಿ ಹೋಗಿ ಕುಳಿತರು. ೬೮೦ ಫ್ರೀವೇಯ ಉದ್ದಕ್ಕೂ ಕಿಟಕಿಯಿಂದಾಚೆ ನೋಡುತ್ತಿದ್ದರು.

ಮನೆಯಲ್ಲಿ ಫ್ರೀಜರು ತುಂಬಿ ಬಾಗಿಲು ಹಾಕಲು ಬರದಂತಾಯಿತು. ನಮ್ಮ ಬಟಾಣಿಯೂ ತೆಂಗಿನತುರಿಯೂ ಎದುರು ಮನೆಯ ಧಾರವಾಡದ ಶಾಕಾಹಾರಿ ಕುಟುಂಬದ ಫ್ರೀಜರಿನಲ್ಲಿ ಆಶ್ರಯ ಪಡೆದವು. ಯಾವ ಕಾಲದ್ದೋ ಗೊತ್ತಿಲ್ಲದ ಡಬ್ಬಿಯನ್ನು ಅವರೂ ಒಪ್ಪಿಕೊಳ್ಳಲಿಲ್ಲ. ಅಬ್ಬಾ ರಾತ್ರಿಯ ಸಾರಿಗೆ ಮಾಂಸ ಕತ್ತರಿಸಿ ಕೊಟ್ಟು, ಸೋಫಾದಲ್ಲಿ ಕುಳಿತು ಟೀವಿ ಹಚ್ಚಿದರು. ಟೀವಿಯಲ್ಲಿ ಏನು ಬರುತ್ತಿದೆ ಎಂದು ಅವರಿಗೆ ಗೊತ್ತಿತ್ತು ಎಂದು ನನಗನ್ನಿಸುವುದಿಲ್ಲ.

ಆ ಹೊತ್ತಿಗೆ ತಮ್ಮನ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಗಾಗಿತ್ತು, ಅವನು ಸಂತೆಯಲ್ಲಿದ್ದ. ಸುತ್ತ ಕುರಿಗಳ ಗದ್ದಲ. ಅಂಗಡಿ ಈಗ ಅವನದೇ ಆದರೂ ದೊಡ್ಡ ಮಾಲಿಗೆ ಅಬ್ಬಾನ ಮಾತು ಬೇಕೇ ಬೇಕು ಅವನಿಗೆ. ಫೋನನ್ನು ಒಂದು ಟಗರಿನ ಮುಂದೆ ಹಿಡಿದ. ಟಗರು ಮೆಲುಕು ಹಾಕುತ್ತ ನಮ್ಮನ್ನೇ ದಿಟ್ಟಿಸಿತು.

ಅಬ್ಬಾ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು ಟೀವಿಯ ಕಡೆ ತಿರುಗಿದರು.

"ಎಷ್ಟ ಬರ್ತೈತಿ?" ಅಂದರು.

ಯಾರನ್ನು ಕೇಳಿದರು ಎಂದು ನಾನು ಹಿಂದೆ ತಿರುಗಿ ನೋಡಿದೆ. ಗಂಡ ಅಡುಗೆಮನೆಯಲ್ಲಿದ್ದ. ಹಾಲ್‌ನಲ್ಲಿ ಇದ್ದದ್ದು ನಾವಿಬ್ಬರೇ. ಕಣ್ಣು ಮಂಜಾಯಿತು, ಟಗರು ಎರಡಾಗಿ ಕಂಡಿತು. ಹೀಗಾದರೆ ಅಂದಾಜು ಇಮ್ಮಡಿಯಾದೀತು ಎಂದು ಕಣ್ಣು ಒರೆಸಿಕೊಂಡೆ.

"ಆಪಾ, ಫೋನ್ ಅಬ್ಬಾಗ ಕೊಡು," ಅಂದ ತಮ್ಮ.

"ಮೊದ್ಲ ಅದನ್ನ ಅಡ್ಡ ನಿಲ್ಸೋ, ಮುಖಾ ನೋಡಿ ತೂಕ ಹೇಳ್ಲೇನು?" ಎಂದು ಗದರಿಸಿದೆ. ಅವನು ಗಾಬರಿಯಾಗಿ ನಿಲ್ಲಿಸಿದ. "ಬೆನ್ನ ಮ್ಯಾಲ ಕೈ ಇಡು. ಒತ್ತು. ಎಲುಬು ಹತ್ತತೈತೋ ಇಲ್ಲೋ?"

"ಇಲ್ಲ."

"ಇಪ್ಪತ್ಮೂರು."

ತಮ್ಮ ಟಗರಿನ ಬೆನ್ನನ್ನು ಮತ್ತೊಮ್ಮೆ ಒತ್ತಿ ನೋಡಿದ. ಆಮೇಲೆ ಸೋಫಾಕ್ಕೆ ಕೇಳುವಂತೆ ದನಿ ಏರಿಸಿದ. "ಅಬ್ಬಾ, ನೀವೇನಂತೀರಿ?"

ಅಬ್ಬಾ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಆಕಿ ಹೇಳಿದ್ಲಲ್ಲ," ಅಂದರು. "ತಗೋ."